ಬಾರಿಗೆ ಹೋದದ್ದು ನಾಲ್ಕು ಸಲ

ಗುಡ್ರುನ್ ಮುದುಕಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವಳ ಮೇಲೆ ಸಿಟ್ಟು ಬರುತ್ತದೆ. ಗಂಡ ಸತ್ತ ಮೇಲೆ ಅವಳಿಗೆ ಉಳಿದಿದ್ದು ಒಂದು ಬೆಕ್ಕು, ಒಂದು ಫೋನು. ಅಮೆರಿಕದ ವಾಂಗ್ ಎಂಬ ಊರಿನ ಹೊರಗಿನ ದಾರಿಯಲ್ಲಿದ್ದ ಆರು ಮನೆಗಳಿಗೂ ಸೇರಿ ಆಗ ಒಂದೇ ಫೋನ್ ತಂತಿ. ಒಂದು ಮನೆಯವರು ಮಾತಾಡುತ್ತಿದ್ದರೆ ಉಳಿದ ಐದು ಮನೆಯವರೂ ರಿಸೀವರ್ ಎತ್ತಿ ಕೇಳಬಹುದಿತ್ತು. ಹಾಗೆ ಕೇಳಬಾರದೆಂಬ ಮರ್ಯಾದೆಯೂ ಇತ್ತು. ಗುಡ್ರುನ್ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಮನೆಗಳಲ್ಲಿ ಇತ್ತು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಅವಳು ಮೊಣಕಾಲುದ್ದದ ಹಿಮ ತುಳಿದುಕೊಂಡು ಆರ್ಡಿಸ್ ಹೌಗೆನ್‌ಳ ಅಡುಗೆಮನೆಗೆ ಬಂದಳು. ಫೋನಿನಲ್ಲಿ ಕದ್ದು ಕೇಳಿದ್ದನ್ನು ಫೋನಿನಲ್ಲೇ ಹೇಳುವಷ್ಟು ದಡ್ಡಿಯಲ್ಲ ಅವಳು. ಆರ್ಡಿಸ್ ಮರುದಿನದ ಚರ್ಚಿನ ವಾರ್ಷಿಕ ಸಭೆಗೆಂದು ಖರ್ಜೂರದ ಬಾರ್ ಎಂಬ ಸಿಹಿ ಬೇಯಿಸಿ, ತಟ್ಟೆಯಲ್ಲೇ ಚೌಕ ಚೌಕವಾಗಿ ಕೊಯ್ಯುತ್ತಿದ್ದಳು.

"ಚಾಕು ಕೆಳಗಿಡು, ಆರ್ಡಿಸ್. ಕೂತ್ಕೊ."

"ಕೂರೋಕೆ ಪುರುಸೊತ್ತೆಲ್ಲಿ ಗುಡ್ರುನ್, ನಿಂತೇ ಕೇಳ್ತೀನಿ, ಹೇಳಿ."

"ಡಾಕ್ಟರಿಗೆ ಫೋನ್ ಮಾಡೋಣಾಂತ ಎತ್ತಿದೆ. ಬೇಕೂಂತ ಕೇಳಿಸ್ಕೊಂಡಿದ್ದಲ್ಲ ಮತ್ತೆ. ಆ ಲಾವಾನ್ ಹುಡುಗಿ ಅವಳಮ್ಮನ ಹತ್ರ ಹೇಳ್ತಿದ್ಲು. ಪೇಟೇಲಿ ಹೈವೇ ಪಕ್ಕ ಹೊಸ ಹೋಟ್ಲಾಗಿದೆಯಲ್ಲ, ಅಲ್ಲೇ ಅವಳು ಕೆಲಸಕ್ಕಿರೋದು. ಗುರುವಾರ ನಿನ್ನ ಗಂಡ ಡೇರಿಯವರ ಜೊತೆ ಬಂದಿದ್ನಂತೆ."

"ಬಂದಿರಬಹುದು. ಊಟಕ್ಕೆ ಹೋಗಿರ್ತಾರೆ."

"ಬಾರಿಗೆ ನಾಲ್ಕು ಸಲ ಹೋದ್ನಂತೆ ಕಣೇ! ಎರಡೂ ಕೈಲಿ ಹಿಡ್ಕೊಂಡು ಬರ್ತಿದ್ನಂತೆ. ಕೊನೇ ಸಲ ಮೇಜಿನ ಮೇಲೆಲ್ಲಾ ಚೆಲ್ಲಿ, ಡೇರಿಯವರು ಬಿದ್ದೂ ಬಿದ್ದೂ ನಕ್ರಂತೆ."

ಗುಡ್ರುನ್ ಒಂದು ಅಕ್ಷರವನ್ನೂ ಸೇರಿಸಿ ಹೇಳಲಿಲ್ಲ. ಇಲಿ ಹೋಯಿತೆಂದರೆ ಹುಲಿ ಹೋಯಿತು ಅನ್ನುವ ಜಾತಿಯವಳಲ್ಲ ಅವಳು. ಕೇಳಿದ್ದು ಅಷ್ಟು, ಹೇಳಿದ್ದೂ ಅಷ್ಟೇ. ಆಮೇಲೆ ಒಂದು ಬಾರ್ ತಿಂದು, ಇನ್ನೆರಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಹೋದಳು.

ಆರ್ಡಿಸ್‌ಳ ಗಂಡ ಓರ್ಲಿನ್ ಹೌಗೆನ್ ಕುಡಿಯುತ್ತಿದ್ದ ಕಾಲವೊಂದಿತ್ತು. ತಾನು ಓಡಿಸುತ್ತಿದ್ದ ಡೇರಿಯ ಹಾಲಿನ ಲಾರಿಯನ್ನು ಚರಂಡಿಗಿಳಿಸಿ, ಒಂದಿಡೀ ದಿನದ ಹಾಲನ್ನು ನೆಲಕ್ಕೆ ಕುಡಿಸಿದ್ದ. ಆ ವರ್ಷಗಳಲ್ಲಿ ಆರ್ಡಿಸ್ ಭಾನುವಾರ ಒಬ್ಬಳೇ ಚರ್ಚಿಗೆ ಬಂದು, "ಓರ್ಲಿನ್‌ಗೆ ಜ್ವರ" ಎನ್ನುತ್ತಿದ್ದಳು. ಜುಲೈ ತಿಂಗಳಲ್ಲೂ ಜ್ವರ, ಸುಗ್ಗಿಯಲ್ಲೂ ಜ್ವರ. ಹೆಂಗಸರು "ಅಯ್ಯೋ ಪಾಪ, ಹೌದಾ" ಎಂದು ಅವಳ ತೋಳು ಸವರುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತೆಂಬುದು ಅವಳಿಗೆ ತಿಳಿದದ್ದು ಅವನು ಕುಡಿತ ಬಿಟ್ಟ ಮೇಲೆ. ಅಂದು ಅವಳ ಮೈ ಉರಿದುಹೋಗಿತ್ತು. ಇನ್ನು ಈ ಜನ್ಮದಲ್ಲಿ ಅವನಿಗಾಗಿ ಒಂದು ಸುಳ್ಳನ್ನೂ ಆಡುವುದಿಲ್ಲ ಎಂದು ಅವತ್ತೇ ದೇವರ ಮುಂದೆ ಹೇಳಿಕೊಂಡಿದ್ದಳು. ಅವನು ಬಿಟ್ಟು ಏಳು ವರ್ಷವಾಗಿತ್ತು. ನಾಳಿನ ಸಭೆಯಲ್ಲಿ ಅವನನ್ನು ಚರ್ಚಿನ ಹಿರಿಯನನ್ನಾಗಿ ಆರಿಸುವವರಿದ್ದರು. ಹನಿ ಮದ್ಯವನ್ನೂ ಒಳಗೆ ಬಿಡದ ಆ ಸಭೆಯಲ್ಲಿ, ಒಂದು ಕಾಲದ ಕುಡುಕನಿಗೆ ಹಿರಿಯನ ಕುರ್ಚಿ ಎಂದರೆ ಸಣ್ಣ ಮಾತಲ್ಲ. ಅವನು ಬೆಳಿಗ್ಗೆಯೇ ಬೂಟಿಗೆ ಪಾಲಿಶ್ ಹಾಕಿ ಕಿಟಕಿಯ ಬಳಿ ಇಟ್ಟಿದ್ದ.

ರಾತ್ರಿ ಊಟದ ಹೊತ್ತಿನಲ್ಲಿ ಆರ್ಡಿಸ್ ಕೇಳಿದಳು. ಕೇಳಲಿಲ್ಲವೆಂದು ಯಾರೂ ಹೇಳುವಂತಿಲ್ಲ.

"ಗುರುವಾರ ಡೇರಿಯವರು ಊಟಕ್ಕೆ ಕರ್ಕೊಂಡ್ಹೋಗಿದ್ರಂತೆ?"

ಓರ್ಲಿನ್ ಎದುರಿಗಿದ್ದ ಹಸಿರು ಜೆಲ್ಲಿಯನ್ನು ಚಮಚದಿಂದ ಅಲುಗಿಸುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಅವಳ ಮಾತು ಕೇಳಿ ಕಿವಿಯ ತುದಿಯವರೆಗೆ ಕೆಂಪಾದ.

"ಹೂಂ. ಹೋಗಿದ್ದೆ."

"ಹೇಗಿತ್ತು?"

"ಏನಿಲ್ಲ ಬಿಡು. ಅದೇ, ಹೋಟ್ಲು."

ಅವನ ಕಿವಿಗಳ ಕೆಂಪೇ ಅವಳಿಗೆ ಸಾಕ್ಷಿಯಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವಳು ಕಂಡದ್ದೂ ಇಲ್ಲ, ಪ್ರಮಾಣಿಸಿದ್ದೂ ಇಲ್ಲ. ಎದ್ದು ಪಾತ್ರೆ ತೊಳೆಯಲು ಹೋದಳು.

ಮುಂದಿನದು ಅರ್ಥವಾಗಬೇಕಾದರೆ ವಾಂಗ್‌ನ ಭಾಷೆ ಸ್ವಲ್ಪ ಗೊತ್ತಿರಬೇಕು. ಮಿನೆಸೋಟದ ಆ ಮೂಲೆಯ ನಾರ್ವೇ ಮೂಲದವರಲ್ಲಿ ಸಲಾಡ್ ಎಂದರೆ ಜೆಲ್ಲಿ. ಹಸಿರೋ ಕೆಂಪೋ ಜೆಲ್ಲಿಯೊಳಗೆ ಕ್ಯಾರೆಟ್ ತುರಿ, ಡಬ್ಬಿಯ ಅನಾನಸ್ಸು, ಮೇಲೆ ಕೆನೆ; ತಟ್ಟೆಗೆ ಬಿದ್ದರೆ ಎರಡು ನಿಮಿಷ ಕುಣಿಯಬೇಕು, ಅದು ಸಲಾಡ್. ಎಲೆಗಿಲೆ ತಿನ್ನುವುದು ದನ. ಇನ್ನು ಬಾರ್ ಎಂದರೆ ಎರಡೇ ಅರ್ಥ. ಹೆಂಗಸರು ತಟ್ಟೆಯಲ್ಲಿ ಬೇಯಿಸಿ ಕೊಯ್ದು ಚರ್ಚಿಗೆ ತರುವ ಸಿಹಿ ಒಂದು, ಗಂಡಸರು ಹೆಂಗಸರಿಗೆ ಹೇಳದೆ ಹೋಗುವ ಜಾಗ ಇನ್ನೊಂದು. ಒಂದು ಸ್ವರ್ಗಕ್ಕೆ, ಇನ್ನೊಂದು ನರಕಕ್ಕೆ. ಮೂರನೆಯದಕ್ಕೆ ಆ ಊರಿನಲ್ಲಿ ಜಾಗವಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದರು. ಕಾಫಿ ಕುದಿಯುತ್ತಿತ್ತು. ಉದ್ದನೆಯ ಮೇಜಿನ ಮೇಲೆ ಒಂದು ಕಡೆ ಸಲಾಡುಗಳು ನಡುಗುತ್ತಿದ್ದವು, ಇನ್ನೊಂದು ಕಡೆ ಬಾರುಗಳ ರಾಶಿ. ಪಾದ್ರಿಗಳು ಲೆಕ್ಕಪತ್ರ ಓದಿದರು, ಬಾಯ್ಲರ್ ರಿಪೇರಿಯ ಮಾತಾಯಿತು, ಆಮೇಲೆ ಹಿರಿಯರ ಆಯ್ಕೆ.

"ಓರ್ಲಿನ್ ಹೌಗೆನ್ ಅವರ ಹೆಸರು ಬಂದಿದೆ. ಯಾರದಾದ್ರೂ ತಕರಾರು ಇದ್ಯಾ?" ಎಂದು ಕೇಳಿ ಪಾದ್ರಿಗಳು ಪೆನ್ನು ಮುಚ್ಚುವುದರಲ್ಲಿದ್ದರು. ಅದು ಕೇಳಬೇಕೆಂದು ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಬಂದದ್ದು ಆ ಚರ್ಚಿನಲ್ಲಿ ಯಾರಿಗೂ ನೆನಪಿಲ್ಲ.

ಆರ್ಡಿಸ್‌ಳ ಕಣ್ಣು ಗುಡ್ರುನ್ ಮೇಲೆ ಬಿತ್ತು. ಗುಡ್ರುನ್ ಅವಳನ್ನೇ ನೋಡುತ್ತಿದ್ದಳು. ಇವಳಿಗೆ ಗೊತ್ತು, ನಾನು ಸುಮ್ಮನಿದ್ದರೆ ನಾಳೆ ಮತ್ತೆ ಎಲ್ಲರೂ ನನ್ನ ತೋಳು ಸವರುತ್ತಾರೆ ಎಂಬ ಒಂದೇ ಯೋಚನೆ ಆರ್ಡಿಸ್‌ಳ ತಲೆಯಲ್ಲಿ. ಎದ್ದು ನಿಂತಳು.

"ಗುರುವಾರ ಬಾರಿಗೆ ಹೋಗಿದ್ದ. ನಾಲ್ಕು ಸಲ. ಇನ್ನು ಇವನ ಸಲುವಾಗಿ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಓರ್ಲಿನ್ ಹೆಂಡತಿಯ ಕಡೆ ತಿರುಗಿದ. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖದಲ್ಲಿ ಒಂದು ರೀತಿ ನಗು ಬಂತು, ಪಾಪ, ಇದು ಈಗಲೇ ಸರಿಹೋಗುತ್ತದೆ ಎಂದುಕೊಂಡವನ ನಗು.

"ಅಯ್ಯೋ, ಅದಾ? ಅದು ಆ ಬಾರಲ್ಲ ಕಣೇ. ಸಲಾಡ್ ಬಾರು."

"ಏನ್ ಬಾರು?" ಎಂದರು ಪಾದ್ರಿಗಳು.

"ಸಲಾಡ್ ಬಾರು."

ಹಿಂದಿನ ಸಾಲಿನಲ್ಲಿ ಸೆಲ್ಮರ್ ಎಂಬವನಿದ್ದ, ಊರಿನ ತಮಾಷೆಗಾರ. "ಕುಡಿದು ಜೆಲ್ಲಿ ನೆಂಚ್ಕೊಂಡ್ಯೇನೋ?" ಎಂದ. ಗಂಡಸರು ನಕ್ಕರು.

"ಸಲಾಡಲ್ಲಿ ಬಾರ್ ಹೆಂಗೆ ಮಾಡ್ತಾರೆ?" ಎಂದು ಒಬ್ಬಾಕೆ ನಿಜವಾಗಿಯೂ ತಿಳಿಯದೆ ಕೇಳಿದಳು. "ಒಲೆಗಿಟ್ರೆ ಕರಗಿಹೋಗಲ್ವಾ?"

ಈಗ ಹೆಂಗಸರೂ ನಕ್ಕರು. ಓರ್ಲಿನ್ ಕೈಯಾಡಿಸಿ ವಿವರಿಸತೊಡಗಿದ. ಅವನು ಬಾಯಿ ಬಿಟ್ಟಷ್ಟೂ ಕೆಟ್ಟಿತು.

"ಉದ್ದಕ್ಕೆ ಒಂದು ಕಟ್ಟೆ ತರ ಇರುತ್ತೆ. ಅದರ ತುಂಬಾ ಐಸು."

"ಐಸ್ ಹಾಕ್ಕೊಂಡೇ ಹೊಡೆದ್ಯಾ ಹಾಗಾದ್ರೆ!"

"ತಡಿಯೋ ಸೆಲ್ಮರ್. ನಾವೇ ಎದ್ದು ಹೋಗಿ ಹಾಕ್ಕೋಬೇಕು. ಬಡಿಸೋರು ಯಾರೂ ಇರಲ್ಲ. ಎಷ್ಟು ಸಲ ಹೋದ್ರೂ ಕಾಸು ಅಷ್ಟೇ."

"ಅಂಥಾ ಬಾರಿದ್ರೆ ದಾರಿ ಹೇಳಪ್ಪ, ಪಾದ್ರಿಗಳನ್ನೂ ಕರ್ಕೊಂಡು ಎಲ್ಲಾ ಹೋಗೋಣ!"

ಪಾದ್ರಿಗಳು ನ್ಯಾಯವಂತರು. ಮೇಲಿನ ತಮ್ಮ ಕೋಣೆಯಿಂದ ದಪ್ಪನೆಯ ನಿಘಂಟು ತಂದು, ಕನ್ನಡಕ ಹಾಕಿಕೊಂಡು ಹುಡುಕಿದರು. ಸಲಾಡ್ ಇತ್ತು. ಬಾರ್ ಇತ್ತು: ಕಬ್ಬಿಣದ ಸಲಾಕೆ, ಬಾಗಿಲಿಗೆ ಹಾಕುವ ಅಗುಳಿ, ನದಿಯ ಬಾಯಲ್ಲಿನ ಮರಳ ದಿಬ್ಬ, ನ್ಯಾಯಾಲಯದ ಕಟಕಟೆ, ಮದ್ಯ ಮಾರುವ ಕಟ್ಟೆ. ಎಲ್ಲವನ್ನೂ ಗಟ್ಟಿಯಾಗಿ ಓದಿದರು. "ಇಲ್ಲ ಓರ್ಲಿನ್. ಎರಡೂ ಸೇರಿದ್ದು ಇದರಲ್ಲಿಲ್ಲ" ಎಂದರು. ಆ ಪುಸ್ತಕ ಅಚ್ಚಾದಾಗ ಪಾದ್ರಿಗಳಿಗೆ ಮೀಸೆ ಬಂದಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

"ಪುಸ್ತಕದಲ್ಲಿ ಇಲ್ದೇ ಇರಬಹುದು. ಹೋಟ್ಲಲ್ಲಿದೆ" ಎಂದ ಓರ್ಲಿನ್.

ಅವನ ಪರ ಸಾಕ್ಷಿ ಹೇಳುವವರು ಅಲ್ಲಿರಲಿಲ್ಲ. ಡೇರಿಯವರೆಲ್ಲ ಆಚೆ ಊರಿನ ಕ್ಯಾಥೊಲಿಕರು, ಈ ಚರ್ಚಿಗೆ ಬರುವವರಲ್ಲ. ಲಾವಾನ್ ಹೋಟೆಲಿನ ಕೆಲಸದಲ್ಲಿದ್ದಳು, ಅವಳಮ್ಮ ನೆಗಡಿಯೆಂದು ಮನೆಯಲ್ಲಿದ್ದಳು. ಅವನು ಮತ್ತೊಮ್ಮೆ ಆರ್ಡಿಸ್‌ಳನ್ನು ನೋಡಿದ. ನೀನಾದರೂ ನಗುತ್ತಿಲ್ಲವಲ್ಲ, ಒಂದು ಮಾತು ಹೇಳು ಎನ್ನುವಂತಿತ್ತು ಆ ನೋಟ. ಅವಳು ನೆಲ ನೋಡುತ್ತಿದ್ದಳು. ನಾಚಿಕೆಯಿಂದ ಅವಳ ಕುತ್ತಿಗೆ ಸುಡುತ್ತಿತ್ತು, ಕುಡಿದದ್ದೂ ಅಲ್ಲದೆ ಇಂಥ ಪೆದ್ದು ಸುಳ್ಳೊಂದನ್ನು ಕಟ್ಟಿದನಲ್ಲ ಎಂಬ ನಾಚಿಕೆ.

ಓರ್ಲಿನ್ ಕಾರಿನ ಕೀಲಿಯನ್ನು ಬಾರುಗಳ ತಟ್ಟೆಯ ಪಕ್ಕದಲ್ಲಿಟ್ಟು ಟೋಪಿಗಾಗಿ ಹುಡುಕಿದ. ಸಿಗಲಿಲ್ಲ. ಹಾಗೆಯೇ ಮೆಟ್ಟಿಲು ಹತ್ತಿ ಹೋದ. ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಡ್ಡೆಕಟ್ಟುವ ಚಳಿಯಲ್ಲಿ ಮನೆಯವರೆಗೆ ನಡೆದ. ಅವಳು ತಡವಾಗಿ ಮನೆ ತಲುಪುವ ಹೊತ್ತಿಗೆ ಚಳಿ ಕಚ್ಚಿ ಅವನ ಎಡಗಿವಿ ಮೇಣದ ಹಾಗೆ ಬೆಳ್ಳಗಾಗಿತ್ತು. ಬಿಸಿಬಟ್ಟೆ ಹಿಡಿಯಲು ಹೋದರೆ ತಲೆ ಸರಿಸಿಕೊಂಡು, "ಆಯ್ತು ಬಿಡು" ಎಂದ. ಅಂದು ಅಷ್ಟೇ ಮಾತು.

ಸೋಮವಾರ ಅವನು ಲಾರಿ ತೆಗೆದುಕೊಂಡು ಹೋದ ಕೂಡಲೇ ಆರ್ಡಿಸ್ ಕಾರು ಹತ್ತಿ ಪೇಟೆಗೆ ಹೊರಟಳು. ಎಷ್ಟು ಕುಡಿದ, ಸಾಲ ಹೇಳಿದ್ದಾನೆಯೇ, ಮತ್ತೆ ಬರುತ್ತೇನೆ ಅಂದಿದ್ದಾನೆಯೇ, ಎಲ್ಲವನ್ನೂ ಬಾರಿನವನ ಬಾಯಿಂದಲೇ ಕೇಳುವುದೆಂದು ಹಲ್ಲು ಕಚ್ಚಿಕೊಂಡಿದ್ದಳು. ಹೋಟೆಲಿನಲ್ಲಿ ಲಾವಾನ್ ಮೇಜು ಒರೆಸುತ್ತಿದ್ದಳು.

"ಅರೆ, ಮಿಸೆಸ್ ಹೌಗೆನ್! ಏನು ಇಷ್ಟು ದೂರ?"

"ಬಾರ್ ಎಲ್ಲಿದೆ, ಲಾವಾನ್?"

"ನಿಮ್ಮ ಎದುರಿಗೇ ಇದ್ಯಲ್ಲ."

ಎದುರಿಗೆ ಇತ್ತು. ಮೇಲೆ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು, ಸಲಾಡ್ ಬಾರ್. ಆದರೂ ಆರ್ಡಿಸ್ ಬಾಟಲಿಗಳಿಗಾಗಿ ಹುಡುಕಿದಳು. ಉದ್ದನೆಯ ಕಟ್ಟೆ, ಅದರ ತುಂಬ ಒಡೆದ ಐಸು, ಐಸಿನಲ್ಲಿ ಹುಗಿದ ಬಟ್ಟಲುಗಳು. ಸೊಪ್ಪು, ಬೀಟ್ರೂಟು, ಸೌತೆ, ಹಸಿ ಈರುಳ್ಳಿ, ಬೇಯಿಸಿದ ಮೊಟ್ಟೆ, ಟೊಮೇಟೊ. ಮೇಲೆ ಓರೆಯಾಗಿ ನಿಲ್ಲಿಸಿದ ಗಾಜು. ಆ ಗಾಜಿನಲ್ಲಿ ಅವಳ ಮುಖವೂ ಕಾಣುತ್ತಿತ್ತು.

"ಓರ್ಲಿನ್ ನಿಮ್ಗೂ ಹೇಳಿದ್ರಾ? ಯಾರಿಗೂ ಹೇಳ್ಬೇಡ ಅಂದಿದ್ರು ನಂಗೆ. ನಾನು ಅಮ್ಮನ ಹತ್ರ ಬಾಯಿಬಿಟ್ಟೆ, ಬಯ್ಬೇಡಿ ಅಂತ ಅವರಿಗೆ ಹೇಳಿ" ಎಂದು ಲಾವಾನ್ ನಗತೊಡಗಿದಳು. "ಇದು ಊಟಕ್ಕೆ ಮುಂಚೆ ಸ್ವಲ್ಪ ತಿನ್ನೋದು ಅಂತ ಅವರಿಗೆ ಗೊತ್ತಿರಲಿಲ್ಲ. ಇದೇ ಊಟ ಅಂದ್ಕೊಂಡ್ಬಿಟ್ರು. ಜನವರೀಲಿ ಟೊಮೇಟೊ ನೋಡು ಅಂತ ಎರಡೆರಡು ತಟ್ಟೆ ತುಂಬ್ಕೊಂಡು ನಾಲ್ಕು ಸಲ ಹೋದ್ರು. ಆಮೇಲೆ ನಾನು ಮಾಂಸ ತಂದಿಟ್ರೆ ಮುಖ ನೋಡ್ಬೇಕಿತ್ತು! ಕಿವಿಯೆಲ್ಲಾ ಕೆಂಪು. ಡೇರಿಯವರು ಇನ್ನೂ ಆಡ್ಕೋತಿದಾರೆ. ತಟ್ಟೆ ತಗೊಳ್ಳಿ, ನೀವೂ ಹಾಕ್ಕೊಳ್ಳಿ."

ಲಾವಾನ್ ಅವಳ ಕೈಗೊಂದು ತಟ್ಟೆ ಕೊಟ್ಟು ಹೋದಳು. ಆರ್ಡಿಸ್ ಖಾಲಿ ತಟ್ಟೆ ಹಿಡಿದು ಕಟ್ಟೆಯ ಮುಂದೆ ನಿಂತಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಆ ಮಾತಿನ ನಿಜವಾದ ತೂಕ ಅವಳಿಗೆ ಅಂದು ತಿಳಿಯಿತು. ನೆಲಮಾಳಿಗೆಯಲ್ಲಿ ಅವನಾಡಿದ ಒಂದೊಂದು ಮಾತೂ ಅಲ್ಲಿ ಕಣ್ಣೆದುರಿಗಿತ್ತು. ಕಟ್ಟೆ, ಐಸು, ಬಡಿಸಲು ಯಾರೂ ಇಲ್ಲ. ಒಂದನ್ನೂ ಅವನು ತಪ್ಪು ಹೇಳಿರಲಿಲ್ಲ. ಹಿಂದೆ ನಿಂತ ಗಂಡಸೊಬ್ಬ, "ಮುಂದೆ ಹೋಗ್ತೀರಾ ಅಮ್ಮಾ?" ಎಂದು ಕೇಳಿದಾಗ ತಟ್ಟೆಯನ್ನು ಇದ್ದಲ್ಲಿಗೇ ಇಟ್ಟು ಹೊರಬಂದಳು.

ಸಂಜೆ ಅವನು ಉಣ್ಣುತ್ತಿದ್ದಾಗ ಹೇಳಿದಳು. "ನೋಡ್ಕೊಂಡು ಬಂದೆ."

"ಏನನ್ನ?"

"ಸಲಾಡ್ ಬಾರನ್ನ."

"ಹೌದಾ? ಚೆನ್ನಾಗಿದೆ ಅಲ್ವಾ" ಎಂದ. ಬ್ರೆಡ್ಡಿಗೆ ಬೆಣ್ಣೆ ಸವರಿದ.

"ಓರ್ಲಿನ್, ನನ್ನಿಂದ ತಪ್ಪಾಯ್ತು. ದೊಡ್ಡ ತಪ್ಪಾಯ್ತು. ಎಲ್ಲರ ಮುಂದೆ ನಿನ್ನ ಮಾನ ಕಳೆದೆ."

"ಆಯ್ತು ಬಿಡು."

ಆ ವಾರವೆಲ್ಲ "ಆಯ್ತು ಬಿಡು" ಒಂದೇ. ಬೈದಿದ್ದರೆ, ತಟ್ಟೆ ಒಗೆದಿದ್ದರೆ, ಅವಳೂ ಅತ್ತು ಹಗುರಾಗುತ್ತಿದ್ದಳು. ಅವರ ಕುಲದಲ್ಲಿ ಸಿಟ್ಟನ್ನು ಹಾಗೆ ಖರ್ಚು ಮಾಡುವ ಪದ್ಧತಿಯಿಲ್ಲ. ಅವಳು ಪಾದ್ರಿಗಳ ಬಳಿ ಹೋದಳು. ಪಾದ್ರಿಗಳು ತಲೆ ಕೆರೆದುಕೊಂಡು, ಮಾತು ಮೆಲ್ಲಗೆ ತಾನಾಗಿಯೇ ಹರಡಲಿ, ಎದ್ದು ನಿಲ್ಲುವುದೇನೂ ಬೇಡ ಎಂದರು. "ಕೂತ್ಕೊಂಡು ಹೇಳಿರಲಿಲ್ಲ ನಾನು, ನಿಂತು ಹೇಳಿದ್ದು" ಎಂದಳು ಆರ್ಡಿಸ್.

ಮುಂದಿನ ಭಾನುವಾರ ಅದೇ ನೆಲಮಾಳಿಗೆ, ಅದೇ ಜನ. ಅವಳು ಎದ್ದಳು.

"ನನ್ನ ಗಂಡ ಕುಡಿದಿರಲಿಲ್ಲ. ಸುಳ್ಳು ಹೇಳಿದ್ದು ನಾನು. ಸಲಾಡ್ ಬಾರ್ ಅನ್ನೋದು ನಿಜವಾಗ್ಲೂ ಇದೆ. ಎಲೆ, ತರಕಾರಿ ಇಟ್ಟಿರ್ತಾರೆ, ಬೇಕಾದಷ್ಟು ಹಾಕ್ಕೊಂಡು ತಿನ್ನೋದು. ನಾನು ಕಣ್ಣಾರೆ ನೋಡಿದೆ. ನೀವೆಲ್ಲಾ ನಕ್ಕಿರಿ, ನಿಮ್ಮದೇನೂ ತಪ್ಪಿಲ್ಲ. ನಗೋ ಹಾಗೆ ಮಾಡಿದ್ದು ನಾನು."

"ಎಲೆನಾ? ಜೆಲ್ಲಿ ಇಲ್ವಾ?" ಎಂದು ಯಾರೋ ಕೇಳಿದರು.

"ಜೆಲ್ಲಿ ನಾ ನೋಡ್ಲಿಲ್ಲ."

"ಮತ್ತೆ ಅದನ್ಯಾಕೆ ಸಲಾಡ್ ಅಂತಾರೆ?"

ಮತ್ತೆ ನಗು. ಈ ಸಲ ಒಳ್ಳೆಯ ನಗು, ಹೊಟ್ಟೆಯೊಳಗಿನ ಕಲ್ಲು ಇಳಿಸಿಕೊಂಡವರ ನಗು. ಸೆಲ್ಮರ್ ಬಂದು ಓರ್ಲಿನ್‌ನ ಕೈಕುಲುಕಿದ. ಗುಡ್ರುನ್ "ನಾನು ಕೇಳಿದ್ದನ್ನಷ್ಟೇ ಹೇಳಿದ್ದು" ಎಂದು ಕಂಡವರಿಗೆಲ್ಲ ಹೇಳಿದಳು, ಅದು ನಿಜವೂ ಆಗಿತ್ತು. ಪಾದ್ರಿಗಳು ಹೊಸ ನಿಘಂಟು ತರಿಸಬೇಕು ಎಂದರು, ಹಿರಿಯನ ಕುರ್ಚಿಯ ಮಾತು ಮುಂದಿನ ವರ್ಷ ನೋಡೋಣ ಎಂದರು. ಓರ್ಲಿನ್ "ಬೇಡ ಬಿಡಿ" ಎಂದು ಎಲ್ಲರ ಜೊತೆ ನಗುತ್ತ ಎರಡು ಲೋಟ ಕಾಫಿ ಕುಡಿದ. ಆರ್ಡಿಸ್‌ಗೆ ಉಸಿರು ಬಂದಂತಾಯಿತು.

ಮನೆಗೆ ಬಂದು ಕೋಟು ತೆಗೆಯದೆಯೇ ಅವನು ಅಡುಗೆಮನೆಯಲ್ಲಿ ಕೂತ. ಕಿವಿಯ ಸಿಪ್ಪೆ ಏಳುತ್ತಿತ್ತು.

"ಒಂದು ಮಾತು ಕೇಳ್ಲಾ?" ಎಂದ. "ನಾನು ಕುಡಿಯೋದು ಬಿಟ್ಟಾಗಿಂದ ದಿನಾ ಸಂಜೆ ಬಾಗಿಲಿಗೆ ಬಂದು ಮುತ್ತು ಕೊಡ್ತೀಯಲ್ಲ."

"ಹೂಂ."

"ಅದು ಮುತ್ತಲ್ಲ, ಮೂಸಿ ನೋಡೋದು ಅಂತ ನಂಗೆ ಮೊದಲ್ನೇ ವಾರವೇ ಗೊತ್ತಾಗಿತ್ತು."

ಈ ಗುಟ್ಟು ತನಗೂ ದೇವರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಅವಳು ಏಳು ವರ್ಷ ನಂಬಿದ್ದಳು.

"ಬೇಜಾರು ಮಾಡ್ಕೊಳ್ಳಲಿಲ್ಲ ನಾನು. ಮೂಸ್ಲಿ ಬಿಡು, ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಪರ ಹೇಳೋಕೆ ಒಂದು ಮೂಗಾದ್ರೂ ಇರುತ್ತಲ್ಲ ಅಂದ್ಕೊಂಡೆ." ಅವನು ಅವಳ ಕಡೆ ತಿರುಗಿದ. "ಆ ಗುರುವಾರ ಸಂಜೇನೂ ಬಂದಿದ್ದೆ ನೀನು ಬಾಗಿಲಿಗೆ. ಏನ್ ವಾಸನೆ ಇತ್ತು, ಆರ್ಡಿಸ್?"

ಅವಳಿಗೆ ನೆನಪಿತ್ತು. ಎಲ್ಲ ದಿನದ್ದೂ ನೆನಪಿರುತ್ತಿತ್ತು.

"ಈರುಳ್ಳಿ," ಎಂದಳು. "ಹಸಿ ಈರುಳ್ಳಿ. ವಿನಿಗರ್."

"ಇವತ್ತೂ ಎದ್ದು ನಿಂತು ಎಲ್ಲಾ ಹೇಳ್ದೆ. ಅದೊಂದು ಹೇಳ್ಲಿಲ್ಲ ನೀನು," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೋಟು ತೆಗೆದು ಗೂಟಕ್ಕೆ ಹಾಕಿ, ಪೇಪರು ಹಿಡಿದು ಒಳಗೆ ಹೋದ. ಆರ್ಡಿಸ್ ಕತ್ತಲಾಗುವವರೆಗೆ ಅಲ್ಲೇ ಇದ್ದಳು. ಸುದ್ದಿ ತಂದವಳ ಮಾತನ್ನು ನಂಬಿದಳು, ಗಂಡನ ಕಿವಿಯ ಕೆಂಪನ್ನು ನಂಬಿದಳು, ಪಾದ್ರಿಗಳ ಪುಸ್ತಕವನ್ನು ನಂಬಿದಳು. ಏಳು ವರ್ಷ ಕಾವಲಿಟ್ಟ ತನ್ನ ಮೂಗೇ ಅವನು ನಿರಪರಾಧಿ ಎಂದು ಹೇಳಿತ್ತು, ಅದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಮರುದಿನ ಸಂಜೆ ಲಾರಿ ಅಂಗಳಕ್ಕೆ ಬಂದ ಸದ್ದಾದಾಗ ಅವಳು ಒಲೆಯ ಹತ್ತಿರವೇ ನಿಂತಿದ್ದಳು. ಬಾಗಿಲಿಗೆ ಹೋಗಲು ಮುಖವಿರಲಿಲ್ಲ. ಅವನು ಬೂಟು ಕೊಡವಿ, ಒಳಗೆ ಬಂದು, ಅವಳಿದ್ದಲ್ಲಿಗೇ ನಡೆದು ಬಂದು ಎಂದಿನ ಹಾಗೆ ಬಗ್ಗಿ ನಿಂತ. ಆರ್ಡಿಸ್ ಉಸಿರು ಬಿಗಿಹಿಡಿದು ಅವನಿಗೆ ಮುತ್ತು ಕೊಟ್ಟಳು.